ಕೊನೆಯ ಗೇಣು ಹೊಲಿಗೆ

ಮೇಘನಾ, ರೋಹನ್,

ಹೋದ ಥ್ಯಾಂಕ್ಸ್‌ಗಿವಿಂಗ್ ಊಟದ ದಿನ ರೋಹನ್ ತನ್ನ ಅಮ್ಮನ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿದ. ಅಜ್ಜಿ ಸ್ಟ್ರೈಕ್ ನಡೆಯುವಾಗ ಗುಟ್ಟಾಗಿ ಕೆಲಸಕ್ಕೆ ಹೋಗಿದ್ದಳಂತೆ, ಹಾಗಾದರೆ ಅವಳು ಸ್ಕ್ಯಾಬಾ ಎಂದು. ರಘುನಂದನ್ ಅಂಕಲ್ ಮನೆಯ ಮಕ್ಕಳು ಅವನಿಗೆ ಹೇಳಿದ್ದರಂತೆ. ಪಕ್ಕದಲ್ಲೇ ಕೂತಿದ್ದ ಅಜ್ಜಿಗೆ ಆ ಪದ ತಿಳಿಯದು ಎಂದುಕೊಂಡಿದ್ದ. ನನಗೆ ಅದು ಚೆನ್ನಾಗಿ ಗೊತ್ತು. ಜೊತೆಗಾರರೆಲ್ಲ ಮುಷ್ಕರ ಹೂಡಿ ಹೊರಗೆ ನಿಂತಾಗ ಅವರಿಗೆ ಕೈಕೊಟ್ಟು ಒಳಗೆ ಹೋಗಿ ದುಡಿಯುವವರನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಮೇಜಿನ ಸುತ್ತ ಹನ್ನೆರಡು ಜನ ಇದ್ದರು. ನಾಲ್ಕು ಜನರ ಮುಂದೆ ನನ್ನ ಬಾಯಿ ಏಳುವುದಿಲ್ಲ, ಅದು ನಿಮಗೂ ಗೊತ್ತು. ಅದಕ್ಕೆ ಬರೆಯುತ್ತಿದ್ದೇನೆ. ಹಾವೇರಿ ಕಡೆಯ ಹಳ್ಳಿಯಲ್ಲಿ ಏಳನೆಯ ಇಯತ್ತೆವರೆಗೆ ಕಲಿತವಳು ನಾನು. ತಪ್ಪಿದ್ದರೆ ನಿಮ್ಮ ಭಾನುವಾರದ ಕನ್ನಡ ಕ್ಲಾಸಿನ ಟೀಚರಿಗೆ ತೋರಿಸಬೇಡಿ.

ಕೋವಿಡ್ ಮುಗಿದು ನಾಟಕದ ಥಿಯೇಟರುಗಳು ಬಾಗಿಲು ತೆರೆದ ಎರಡನೆಯ ವರ್ಷ. ನದಿ ದಂಡೆಯ ಒಂದು ಪ್ಲೇಹೌಸಿನ ವಾರ್ಡ್‌ರೋಬಿನಲ್ಲಿ, ಅಂದರೆ ನಟರ ಉಡುಪು ಸಿದ್ಧವಾಗುವ ಕೋಣೆಯಲ್ಲಿ, ನಾನು ಸ್ಟಿಚರ್ ಆಗಿ ಹನ್ನೊಂದು ವರ್ಷ ಕಳೆದಿದ್ದೆ. ಕತ್ತರಿಸುವವರು ಬೇರೆ, ಹೊಲಿಯುವವಳು ನಾನು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಐಸೆಲಿನ್‌ನ ಒಂದು ಸೀರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಫಾಲ್ ಹಚ್ಚುತ್ತ, ಬ್ಲೌಸು ಹೊಲಿಯುತ್ತ ಕೂತಿದ್ದವಳನ್ನು ಅಲ್ಲಿಗೆ ಕರೆದೊಯ್ದವಳು ಡೆನಿಸ್, ವಾರ್ಡ್‌ರೋಬಿನ ಮುಖ್ಯಸ್ಥೆ. ಯಾವುದೋ ನಾಟಕಕ್ಕೆ ಜರಿ ಅಂಚು ಹುಡುಕುತ್ತ ಬಂದವಳು ನಾನು ಹೊಲಿದ ಬ್ಲೌಸನ್ನು ಕೈಗೆತ್ತಿಕೊಂಡು ಒಳಮಗ್ಗುಲು ತಿರುಗಿಸಿ ನೋಡಿದಳು. ಡೆನಿಸ್ ಯಾವ ಬಟ್ಟೆಯನ್ನೂ ಹೊರಮೈಯಿಂದ ನೋಡಿ ತೀರ್ಮಾನಿಸುವವಳಲ್ಲ. ಇದನ್ನು ಹೊಲಿದದ್ದು ಯಾರು ಎಂದು ಕೇಳಿದಳು. ನಾನು ಕೈ ಎತ್ತಿದೆ. ನನ್ನ ಇಂಟರ್‌ವ್ಯೂ ಅಷ್ಟೇ.

ವಾರ್ಡ್‌ರೋಬಿನಲ್ಲಿ ನಾವು ಆರು ಜನ. ಸೆಟ್ಟು, ಲೈಟು, ಹಗ್ಗ ನೋಡಿಕೊಳ್ಳುವ ಸ್ಟೇಜ್‌ಹ್ಯಾಂಡುಗಳು ಹದಿಮೂರು. ಎಲ್ಲರೂ ಒಂದೇ ಯೂನಿಯನ್. ಒಂದು ಶೋಗೂ ಮತ್ತೊಂದಕ್ಕೂ ನಡುವಿನ ವಿರಾಮ ಕಡಿತ ಮಾಡುತ್ತೇವೆ, ಮೂವರ ಕೆಲಸವನ್ನು ಇಬ್ಬರು ಮಾಡಬೇಕು ಎಂದು ಮ್ಯಾನೇಜ್‌ಮೆಂಟ್ ಹಟ ಹಿಡಿಯಿತು. ತಿಂಗಳುಗಟ್ಟಲೆ ಮಾತುಕತೆ ಮುರಿದು, ಅಕ್ಟೋಬರಿನ ಒಂದು ಬುಧವಾರದಿಂದ ಮುಷ್ಕರ ಎಂದು ನಿರ್ಧಾರವಾಯಿತು. ಹೊಸ ನಾಟಕ ಶುರುವಾಗಲು ಆಗ ಹದಿನೈದೇ ದಿನ ಉಳಿದಿತ್ತು. ಮಂಗಳವಾರ ಸಂಜೆ ಐದಕ್ಕೆ ಕೈಯಲ್ಲಿದ್ದ ಕೆಲಸವನ್ನು ಇದ್ದಲ್ಲೇ ಬಿಟ್ಟು ಏಳಬೇಕು, ಅರ್ಧ ಆದದ್ದು ಅರ್ಧವೇ ಇರಲಿ, ಊಟದ ಬಿಡುವಿನಲ್ಲಿ ಕೂತು ಯಾವುದನ್ನೂ ಮುಗಿಸಬಾರದು, ನಮ್ಮ ಬಲ ಇರುವುದೇ ಅದರಲ್ಲಿ ಎಂದು ಡೆನಿಸ್ ಎಲ್ಲರಿಗೂ ತಿಳಿಸಿದಳು.

ನನ್ನ ತಪ್ಪು ಇಲ್ಲಿಂದ ಶುರು. ನಾಯಕಿಯ ಕೆನೆಬಣ್ಣದ ರೇಷ್ಮೆ ಗೌನಿನ ಕೆಳ ಅಂಚು ನನ್ನ ಪಾಲಿಗೆ ಬಂದಿತ್ತು. ಅಡ್ಡ ಕತ್ತರಿಸಿದ ರೇಷ್ಮೆ, ಮಶೀನಿಗೆ ಕೊಟ್ಟರೆ ಎಳೆದುಕೊಳ್ಳುತ್ತದೆ. ಸೀರೆಗೆ ಫಾಲ್ ಹಚ್ಚಿದಂತೆ ಕೈಯಲ್ಲೇ ಹೊಲಿಯಬೇಕು. ನಮ್ಮವ್ವ ಒಂದು ಕಟ್ಟಳೆ ಇಟ್ಟಿದ್ದಳು. ಹೊಸ ಬಟ್ಟೆಯಲ್ಲಿ ಸೂಜಿ ಸಿಕ್ಕಿಸಿಟ್ಟು ಮನೆಯಿಂದ ಹೊರಬೀಳಬಾರದು, ಉಟ್ಟವರಿಗೆ ಆಗಿಬರುವುದಿಲ್ಲ ಎಂದು. ಆ ಗೌನು ತೊಡುವ ಹುಡುಗಿ ಬಸುರಿ ಎಂದು ಅಳತೆ ತೆಗೆಯುವ ನಮ್ಮ ಕೋಣೆಯವರಿಗೆ ಮಾತ್ರ ಗೊತ್ತಿತ್ತು. ನನಗೆ ಮನಸ್ಸು ತಡೆಯಲಿಲ್ಲ. ಮಂಗಳವಾರ ಎಲ್ಲರೂ ಊಟಕ್ಕೆ ಹೋದಾಗ ಬಟ್ಟೆಗಳ ಸಾಲಿನ ಹಿಂದೆ ಕೂತು ಅಂಚು ಮುಗಿಸಿದೆ. ಇನ್ನೊಂದು ಗೇಣು ಉಳಿದಿರುವಾಗ ಕೆನೆಬಣ್ಣದ ದಾರ ಮುಗಿಯಿತು. ಹೊಸ ರೀಲು ಬುಧವಾರ ಬರುವುದಿತ್ತು. ಹಳೆಯ ಡಬ್ಬಿಯಲ್ಲಿ ತುಸು ಹಳದಿ ಬೆರೆತ ದಾರ ಸಿಕ್ಕಿತು, ಕೊನೆಯ ಗೇಣನ್ನು ಅದರಲ್ಲೇ ಹೊಲಿದೆ. ಗೌನನ್ನು ಇದ್ದ ಜಾಗಕ್ಕೇ ತೂಗುಹಾಕಿದೆ. ಗೋಡೆಯ ಬೋರ್ಡಿನಲ್ಲಿ ‘ಅಂಚು ಬಾಕಿ’ ಎಂದು ಬರೆದದ್ದನ್ನು ಅಳಿಸಲಿಲ್ಲ. ಯಾರಿಗೂ ಹೇಳಲಿಲ್ಲ. ಬೈದಾರೆಂಬ ಅಂಜಿಕೆ.

ಮರುದಿನದಿಂದ ಥಿಯೇಟರಿನ ಮುಂದೆ ಬೋರ್ಡು ಹಿಡಿದು ಸುತ್ತುವ ಕೆಲಸ. ಅದನ್ನು ಪಿಕೆಟ್ ಲೈನ್ ಎನ್ನುತ್ತಾರೆ. ಯೂನಿಯನ್ನಿನವರು ಗಾಳಿ ತುಂಬಿದ ಒಂದು ದೊಡ್ಡ ಇಲಿಯನ್ನು ತಂದು ನಿಲ್ಲಿಸಿದರು. ಎರಡಾಳೆತ್ತರ, ಹಲ್ಲು ಕಿರಿದ ಇಲಿ. ಈ ಕಡೆ ಮುಷ್ಕರ ಎಂದರೆ ಇಲಿ ಬರಲೇಬೇಕು, ಮಾಲೀಕರನ್ನೂ ಸ್ಕ್ಯಾಬುಗಳನ್ನೂ ಹಂಗಿಸುವುದಕ್ಕೆ. ಸುತ್ತು ಹಾಕುವಾಗ ನನ್ನ ಕಾಲು ಅದರ ಬಾಲಕ್ಕೆ ತಾಗಿತು. ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮಗೆ ಹುಟ್ಟಾ ಬಂದದ್ದು. ಅದೂ ಗಣಪ್ಪನ ಇಲಿ. ಕೈ ತಾನಾಗಿ ಹೋಯಿತು. ಪಿಕೆಟ್ ಕ್ಯಾಪ್ಟನ್ ಫ್ರ್ಯಾಂಕ್, ಹಗ್ಗದ ಕೆಲಸದ ದೈತ್ಯ ಮನುಷ್ಯ, ಅದನ್ನು ನೋಡಿ ಹೊಟ್ಟೆ ಹಿಡಿದು ನಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಬೀದಿಯ ಜನ ನಮ್ಮನ್ನು ಹೇಗೆ ನೋಡುತ್ತಾರೆಂದು ತಿಳಿಯುವುದು ಕಷ್ಟ. ಕಾರುಗಳು ಹಾರ್ನ್ ಹೊಡೆಯುತ್ತಿದ್ದವು. ಚಿಕ್ಕ ಚಿಕ್ಕದಾಗಿ ಹೊಡೆದರೆ ನಮ್ಮ ಪರ, ಉದ್ದಕ್ಕೆ ಹೊಡೆದರೆ ವಿರೋಧ ಎಂದು ಡೆನಿಸ್ ಕಲಿಸಿದಳು. ಎರಡಕ್ಕೂ ನಾನು ಹಿಂದಕ್ಕೆ ಸರಿಯುತ್ತಿದ್ದೆ. ಪಕ್ಕದ ರೆಸ್ಟೋರೆಂಟಿನ ಮಾಲೀಕ ಮೊದಲ ದಿನ ಕಾಫಿ ಕಳಿಸಿದ. ನಾಟಕದ ಗಿರಾಕಿಗಳು ಬರುವುದು ನಿಂತ ಮೇಲೆ ಮುಖ ತಿರುಗಿಸಿದ. ಲಾಂಗ್ ಐಲೆಂಡಿನಿಂದ ಮೊಮ್ಮಕ್ಕಳನ್ನು ಕರೆದುಕೊಂಡು ಬಂದ ಒಬ್ಬಳು, ಬಟ್ಟೆ ಮಡಚುವವರಿಗೂ ಸ್ಟ್ರೈಕೇ ಎಂದಳು. ಒಬ್ಬಾತ ನನ್ನೊಬ್ಬಳ ಹತ್ತಿರ ಬಂದು, ಈ ದೇಶದಲ್ಲಿರಲು ನಿನ್ನ ಹತ್ತಿರ ಪೇಪರ್ಸ್ ಇವೆಯೇ ಎಂದು ಕೇಳಿ ಫೋನಿನಲ್ಲಿ ಫೋಟೋ ತೆಗೆದುಕೊಂಡ. ಅಲ್ಲಿಂದ ನಾನು ಬೋರ್ಡನ್ನು ಮುಖ ಮುಚ್ಚುವಷ್ಟು ಎತ್ತರಕ್ಕೆ ಹಿಡಿಯತೊಡಗಿದೆ. ಫೋನ್ ಎತ್ತಿದವರೆಲ್ಲ ಮ್ಯಾನೇಜ್‌ಮೆಂಟ್ ಕಳಿಸಿದವರೇ ಎಂದು ನಮ್ಮ ಹತ್ತೊಂಬತ್ತು ಜನಕ್ಕೂ ಅನುಮಾನ.

ಭಾನುವಾರ ವೆಸ್ಟ್ ವಿಂಡ್ಸರಿನಿಂದ ರಘುನಂದನ್ ನಮ್ಮ ಮನೆಗೆ ಬಂದರು. ವರ್ಷಕ್ಕೊಂದು ಕನ್ನಡ ನಾಟಕ ಆಡುವ ನಮ್ಮ ಜನರ ಗುಂಪಿಗೆ ಅವರೇ ಸೆಕ್ರೆಟರಿ. ಮುಂದಿನ ಶನಿವಾರಕ್ಕೆ ಅದೇ ಪ್ಲೇಹೌಸನ್ನು ಬಾಡಿಗೆಗೆ ಹಿಡಿದಿದ್ದರು. ಟಿಕೆಟ್ಟೆಲ್ಲ ಮಾರಿ ಆಗಿತ್ತು. ಈ ಯೂನಿಯನ್ನವರದ್ದು ಅತಿ ಆಯಿತು, ನಮ್ಮ ಸಾಫ್ಟ್‌ವೇರಿನವರಿಗೂ ಇಲ್ಲದ ಸವಲತ್ತು ಇವರಿಗೆ, ಎಂದೆಲ್ಲ ಹೇಳಿದರು. ಕೊನೆಗೆ ವಿಷಯಕ್ಕೆ ಬಂದರು. “ಗಂಗಾ ಆಂಟಿ, ಕಾಸ್ಟ್ಯೂಮ್ ರೂಮಿನ ಒಳಹೊರಗು ನಿಮಗೆ ಗೊತ್ತು. ಸ್ಯಾಟರ್‌ಡೇ ಹಿಂದಿನ ಬಾಗಿಲಿಂದ ಬಂದು ಒಂದೆರಡು ಗಂಟೆ ಹೆಲ್ಪ್ ಮಾಡಿಬಿಡಿ. ನಮ್ಮವರ ಕೆಲಸ ತಾನೆ, ಯಾರಿಗೆ ಗೊತ್ತಾಗುತ್ತೆ?”

ಮನೆಗೆ ಬಂದವರಿಗೆ ಇಲ್ಲ ಎನ್ನುವುದು ನನಗೆ ಬಾರದು. ತಲೆ ತಗ್ಗಿಸಿ ಅವರ ತಟ್ಟೆಗೆ ಇನ್ನಷ್ಟು ಚೂಡಾ ಹಾಕಿದೆ, ಚಹಾ ಬಗ್ಗಿಸಿದೆ. ಅದು ಒಪ್ಪಿಗೆಯಾಗಿ ಅವರ ಕಾರಿನಲ್ಲಿ ಹೋಯಿತು.

ಮಂಗಳವಾರ ಎರಡು ಸಂಗತಿ ಒಟ್ಟಿಗೆ ಬಂದವು. ವಾರ್ಡ್‌ರೋಬಿನವರು ಒಬ್ಬೊಬ್ಬರಾಗಿ ವಾಪಸ್ ಬರುತ್ತಿದ್ದಾರೆ ಎಂದು ಥಿಯೇಟರಿನ ಮ್ಯಾನೇಜರ್ ಊರಿನ ಪೇಪರಿಗೆ ಹೇಳಿದ್ದ. ನಮ್ಮ ಆಂಟಿ ಬರುತ್ತಾರೆ ಎಂದು ರಘುನಂದನ್ ಅವನಿಗೆ ಭರವಸೆ ಕೊಟ್ಟಿದ್ದು ನನಗೆ ಆಮೇಲೆ ತಿಳಿಯಿತು. ಥಿಯೇಟರಿನ ವೆಬ್‌ಸೈಟಿನಲ್ಲಿ ನಾಯಕಿ ಅದೇ ಗೌನು ತೊಟ್ಟು ನಿಂತ ಫೋಟೋ ಕೂಡ ಬಂತು. ಫ್ರ್ಯಾಂಕ್ ಫೋನನ್ನು ಡೆನಿಸ್ ಮುಂದೆ ಹಿಡಿದ. ಅವಳು ಬೆರಳಿನಿಂದ ಫೋಟೋ ಹಿಗ್ಗಿಸಿ ಅಂಚನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. “ನಾವು ಎದ್ದಾಗ ಇದು ಬಾಕಿ ಇತ್ತು,” ಎಂದಳು. “ಗಂಗಾ, ಇದು ನಿನ್ನ ಕೈ.”

ನನ್ನ ಬಾಯಿ ಕಟ್ಟಿತು. ಹತ್ತೊಂಬತ್ತು ಜನರಲ್ಲಿ ನನ್ನನ್ನು ಬಿಟ್ಟು ಹದಿನೆಂಟು ಜನ ಒಂದೇ ಸಲ ನನ್ನ ಕಡೆ ತಿರುಗಿದರು.

ಮರುದಿನ ಸಂತೆ ಸಾಮಾನಿಗೆಂದು ನಮ್ಮವರ ಅಂಗಡಿಗಳಿರುವ ಓಕ್ ಟ್ರೀ ರೋಡಿಗೆ ಹೋದರೆ ಅಲ್ಲಿ ತದ್ವಿರುದ್ಧ. ನಾಟಕದ ಗುಂಪಿನ ಇಬ್ಬರು ಹೆಂಗಸರು ಕೊತ್ತಂಬರಿ ಆರಿಸುತ್ತಿದ್ದವರು ನನ್ನ ಕೈ ಹಿಡಿದುಕೊಂಡರು. ಒಳ್ಳೇ ಕೆಲಸ ಮಾಡಿದಿರಿ ಆಂಟಿ, ಆ ಜನರ ಜೊತೆ ಬೀದಿಯಲ್ಲಿ ನಿಲ್ಲುವುದು ನಮ್ಮಂಥವರಿಗೆ ತಕ್ಕುದಲ್ಲ ಎಂದರು. ಅಲ್ಲಿ ಬೈಗುಳ, ಇಲ್ಲಿ ಹೊಗಳಿಕೆ, ಎರಡೂ ಒಂದೇ ಸುಳ್ಳಿಗೆ. ಮನೆಗೆ ಬಂದರೆ ನಿಮ್ಮ ಅಮ್ಮ ಸುಧಾ ನನ್ನ ಎದುರು ಕೂತಳು. “ಅವ್ವಾ, ಖರೇ ಹೇಳು, ಒಳಗ ಹೋಗಿದ್ದೇನು?” ಎಂದಳು. ಫ್ರ್ಯಾಂಕ್ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಮಗಳೇ ಕೇಳಿದಳಲ್ಲ ಎಂದು ಊಟದ ತಟ್ಟೆ ಬಿಟ್ಟು ಎದ್ದೆ. ನಾನೂ ಯಾರನ್ನೂ ಬಿಡಲಿಲ್ಲ. ಪೇಪರಿನವರಿಗೆ ಹೇಳಿದ್ದು ಪಕ್ಕದ ಮೇಜಿನ ಸ್ಟಿಚರ್ ಇರಬಹುದೇ, ಸುಧಾಳೇ ವಾಟ್ಸಾಪಿನಲ್ಲಿ ಏನಾದರೂ ಬರೆದಳೇ ಎಂದು ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ಕಟಕಟೆಗೆ ಹತ್ತಿಸಿದೆ.

ಗುರುವಾರ ಚರ್ಚಿನ ನೆಲಮಾಳಿಗೆಯಲ್ಲಿ ಯೂನಿಯನ್ ಕಮಿಟಿಯ ಮುಂದೆ ವಿಚಾರಣೆ. ತಪ್ಪು ಸಾಬೀತಾದರೆ ಯೂನಿಯನ್ ಕಾರ್ಡ್ ಹೋಗುತ್ತದೆ. ಕಾರ್ಡ್ ಹೋದರೆ ಈ ಸುತ್ತಿನ ಯಾವ ಥಿಯೇಟರಿನಲ್ಲೂ ಕೆಲಸವಿಲ್ಲ, ಹೆಲ್ತ್ ಇನ್ಶೂರೆನ್ಸ್ ಕೂಡ ಇಲ್ಲ. ಫ್ರ್ಯಾಂಕ್ ಎದ್ದು ನಿಂತು, “ಮೊದಲ ದಿನವೇ ಇವಳು ಇಲಿಗೆ ನಮಸ್ಕಾರ ಮಾಡಿದಳು. ನಮಗೆ ಆಗಲೇ ಗೊತ್ತಾಗಬೇಕಿತ್ತು,” ಎಂದ. ಈ ಸಲ ಯಾರೂ ನಗಲಿಲ್ಲ.

ಡೆನಿಸ್ ಒಂದೇ ಮಾತು ಕೇಳಿದಳು. “ಯಾವಾಗ ಹೊಲಿದೆ?”

ನಿಂತುಕೊಂಡು ಹೇಳಿದೆ. ಹರಕುಮುರುಕು ಇಂಗ್ಲಿಷು, ಕಣ್ಣು ನೆಲದ ಮೇಲೆ. ಮುಷ್ಕರದ ಹಿಂದಿನ ದಿನ ಮಂಗಳವಾರ, ಊಟದ ಹೊತ್ತು. ನಮ್ಮವ್ವನ ಕಟ್ಟಳೆ ಹೇಳಿದೆ. ದಾರ ಮುಗಿದದ್ದು ಹೇಳಿದೆ. ಕೊನೆಯ ಗೇಣು ಹಳದಿ ದಾರದ್ದು, ಬುಧವಾರದ ನಂತರ ಒಳಗೆ ಹೋಗಿದ್ದರೆ ಹೊಸ ರೀಲು ಕೈಗೆ ಸಿಗುತ್ತಿತ್ತಲ್ಲ ಎಂದೆ. ಗೌನು ಒಳಗಿದೆ, ನಾವು ಹೊರಗಿದ್ದೇವೆ, ನೋಡುವವರು ಯಾರು ಎಂದ ಫ್ರ್ಯಾಂಕ್. ಅದೂ ಸರಿಯೇ.

ಹಾಗಾದರೆ ಶನಿವಾರ ನಿಮ್ಮ ಜನರ ನಾಟಕಕ್ಕೆ ಬರಲು ನೀನು ಒಪ್ಪಿದ್ದೀಯೆಂದು ಮ್ಯಾನೇಜರ್ ಹೇಳುತ್ತಿರುವುದು ಏಕೆ ಎಂದು ಇನ್ನೊಬ್ಬರು ಕೇಳಿದರು. ಒಪ್ಪಿಲ್ಲ ಎಂದೆ. ಹಾಗಿದ್ದರೆ ಆ ನಾಟಕದವರಿಗೆ ಎಲ್ಲರ ಎದುರಿಗೇ ಫೋನ್ ಮಾಡು ಎಂದರು. ಸ್ಪೀಕರಿನಲ್ಲಿಟ್ಟು ಮಾಡಿದೆ. “ರಘುನಂದನ್, ನಾ ಶನಿವಾರ ಬರೂದಿಲ್ಲ. ಬರ್ತೀನಂತ ನಾ ಹೇಳಿಲ್ಲ.” ಹುಟ್ಟಿದಾಗಿನಿಂದ ಒಬ್ಬರಿಗೆ ಹೀಗೆ ನೇರವಾಗಿ ಇಲ್ಲ ಎಂದದ್ದು ಅದೇ ಮೊದಲು.

“ಬರಲ್ಲ ಅಂತಾನೂ ನೀವು ಹೇಳ್ಲಿಲ್ವಲ್ಲ ಆಂಟಿ,” ಎಂದರು.

ಅವನು ಏನೆಂದ ಎಂದು ಡೆನಿಸ್ ಕೇಳಿದಳು. ಕನ್ನಡ ಬಲ್ಲವರು ಅಲ್ಲಿ ನನ್ನ ಹೊರತು ಯಾರೂ ಇರಲಿಲ್ಲ. ನನಗೆ ಬೇಕಾದಂತೆ ಹೇಳಬಹುದಿತ್ತು. ಅವರು ಹೇಳಿದ್ದನ್ನು ಇದ್ದ ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿ ಕೂತುಬಿಟ್ಟೆ. ಡೆನಿಸ್ ನನ್ನ ಮುಖವನ್ನು ತುಸು ಹೊತ್ತು ನೋಡಿದಳು. ಕಮಿಟಿಯವರು ತೀರ್ಪನ್ನು ಮುಂದಕ್ಕೆ ಹಾಕಿದರು. ಒಳಗೆ ಕಾಲಿಟ್ಟ ದಿನ ಗೌನು ನೋಡೋಣ, ಅಲ್ಲಿಯವರೆಗೆ ಪಿಕೆಟ್ಟಿಗೆ ಬರಬಹುದು, ಮೀಟಿಂಗಿಗೆ ಬೇಡ ಎಂದರು.

ಆಮೇಲಿನ ಎಂಟು ದಿನ ದೊಡ್ಡವು. ನಾನು ಸುತ್ತುವಾಗ ನನ್ನ ಹಿಂದೆ ಮುಂದೆ ನಾಲ್ಕು ಹೆಜ್ಜೆ ಖಾಲಿ ಇರುತ್ತಿತ್ತು. ಡೋನಟ್ ಪೆಟ್ಟಿಗೆ ನನ್ನ ಹತ್ತಿರ ಬರುವಷ್ಟರಲ್ಲಿ ಮುಚ್ಚಿಕೊಳ್ಳುತ್ತಿತ್ತು. ನಮ್ಮ ಬದಲಿಗೆ ತಂದ ಬಾಡಿಗೆ ಕೆಲಸಗಾರರ ಕೈಯಲ್ಲಿ ಸೆಟ್ಟು ತಿರುಗಿಸಲಾಗದೆ ಹೊಸ ನಾಟಕದ ಮೊದಲ ಶೋ ಮುಂದಕ್ಕೆ ಹೋಯಿತು. ಆ ಸಂತೋಷದಲ್ಲೂ ಯಾರೂ ನನ್ನ ಕಡೆ ನೋಡಲಿಲ್ಲ. ವಾಕರ್ ಹಿಡಿದು ದಿನವೂ ಮುಷ್ಕರ ಮುಗಿಯಿತೇ ಎಂದು ವಿಚಾರಿಸಲು ಬರುತ್ತಿದ್ದ ಒಬ್ಬ ಮುದುಕಿ ಮಾತ್ರ ನನ್ನ ತೋಳು ಸವರಿ, ಇಷ್ಟು ಚಳಿಯಲ್ಲಿ ನಿಂತಿದ್ದೀಯಲ್ಲ, ನೀನು ಗಟ್ಟಿಗಿತ್ತಿ ಎಂದಳು. ಇವಳಿಗೆ ನನ್ನ ವಿಷಯ ಗೊತ್ತಿಲ್ಲ, ಗೊತ್ತಾದರೆ ಇವಳೂ ಕೈ ಎಳೆದುಕೊಳ್ಳುತ್ತಾಳೆ ಎಂದುಕೊಂಡೆ. ಅನುಮಾನಕ್ಕೆ ಒಳಗಾದವರು ಒಳ್ಳೆಯ ಮಾತನ್ನೂ ನಂಬುವುದಿಲ್ಲ.

ಹದಿನೇಳನೆಯ ದಿನ ಒಪ್ಪಂದವಾಯಿತು. ವಿರಾಮ ಉಳಿಯಿತು, ಜನರನ್ನು ಕಡಿಮೆ ಮಾಡುವ ಮಾತು ಬಿದ್ದುಹೋಯಿತು. ಡೆನಿಸ್ ಕೋಟು ಸಹ ಬಿಚ್ಚದೆ ವಾರ್ಡ್‌ರೋಬಿಗೆ ಹೋದಳು. ಹಿಂದೆ ನಾವೆಲ್ಲ. ಗೌನನ್ನು ಮೇಜಿನ ಮೇಲೆ ಹರವಿ, ಅಂಚನ್ನು ಒಳಮಗ್ಗುಲು ತಿರುಗಿಸಿ, ದೀಪ ಹತ್ತಿರಕ್ಕೆಳೆದು ಬೆರಳಿನಿಂದ ಇಂಚಿಂಚೇ ನೋಡುತ್ತ ಹೋದಳು. ಕೆನೆ, ಕೆನೆ, ಕೆನೆ. ಸುತ್ತು ಪೂರ್ತಿಯಾಗುತ್ತ ಬಂದರೂ ಹಳದಿ ಕಾಣಲಿಲ್ಲ. ನಾನು ಕನಸು ಕಂಡಿದ್ದೆನೇ ಎಂದು ನನ್ನ ಮೇಲೆಯೇ ಅನುಮಾನ ಬಂತು. ಆಗ ಅವಳ ಬೆರಳು ನಿಂತಿತು. ಒಂದು ಗೇಣು, ಹಳದಿ ದಾರ. ಶೆಲ್ಫಿನ ಮೇಲೆ ಹೊಸ ರೀಲು ಪ್ಲಾಸ್ಟಿಕ್ ಕವರು ಕೂಡ ಬಿಚ್ಚದೆ ಕೂತಿತ್ತು.

“ಫ್ರ್ಯಾಂಕ್, ಬಂದು ನೋಡು,” ಎಂದಳು ಡೆನಿಸ್.

ಫ್ರ್ಯಾಂಕ್ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. “ಇಲಿಗೆ ನಮಸ್ಕಾರ ಮಾಡಿದ್ದು ಮಾತ್ರ ನಾನು ಕಣ್ಣಾರೆ ಕಂಡಿದ್ದೇನೆ,” ಎಂದು ನನ್ನ ಭುಜದ ಮೇಲೆ ಕೈಯಿಟ್ಟ. ಅವನ ಕ್ಷಮೆ ಅದೇ ಎಂದು ನಾನು ತಿಳಿದುಕೊಂಡೆ. ಎಲ್ಲರೂ ಹೋದ ಮೇಲೆ ಡೆನಿಸ್ ಬಾಗಿಲು ಹಾಕಿ ಬೈದಳು. ಬಿಡು ಎಂದದ್ದನ್ನು ನೀನು ಮುಗಿಸಿದ್ದರಿಂದಲೇ ಅವರಿಗೆ ಆ ಫೋಟೋ ಸಿಕ್ಕಿತು, ಅದರಿಂದ ಹತ್ತೊಂಬತ್ತು ಜನರಿಗೂ ನಷ್ಟವಾಯಿತು ಎಂದಳು. ಆ ಬೈಗುಳದಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಹಾಗಾಗಿ ನನ್ನನ್ನು ಪೂರ್ತಿ ನಿರಪರಾಧಿ ಎಂದು ತಿಳಿಯಬೇಡಿ.

ನಮ್ಮ ಜನರ ನಾಟಕ ಯಾವುದೋ ಶಾಲೆಯ ಹಾಲಿನಲ್ಲಿ ಆಯಿತು. ಆಂಟಿ ಒಳಗೆ ಹೋಗಿದ್ದು ನಿಜ, ಯೂನಿಯನ್ನಿಗೆ ಹೆದರಿ ಆಮೇಲೆ ಇಲ್ಲ ಎಂದರು ಎಂದು ಅಲ್ಲಿ ಈಗಲೂ ಹೇಳುತ್ತಾರಂತೆ, ಪ್ರೀತಿಯಿಂದಲೇ. ನಾನು ಹೋಗಿ ತಿದ್ದಲಿಲ್ಲ. ಅದಕ್ಕೇ ರೋಹನ್ ಆ ಪ್ರಶ್ನೆ ಕೇಳಬೇಕಾಯಿತು.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಹೊಲಿಗೆ ಯಾರದ್ದು ಎಂದು ಬಟ್ಟೆ ಹೇಳುತ್ತದೆ, ಯಾವಾಗಿನದು ಎಂದು ತಾನಾಗಿ ಹೇಳುವುದಿಲ್ಲ. ಅದನ್ನು ಹೊಲಿದವರೇ ಬಾಯಿಬಿಟ್ಟು ಹೇಳಬೇಕು. ಸುಮ್ಮನಿದ್ದರೆ ನಮ್ಮ ಮೌನಕ್ಕೆ ಮಿಕ್ಕವರು ತಮಗೆ ಬೇಕಾದ ಮಾತು ತುಂಬುತ್ತಾರೆ. ಅಲ್ಲಿಂದ ರಿಟೈರ್ ಆಗುವವರೆಗೆ ನಾನು ಮುಗಿಸಿದ ಪ್ರತಿ ಬಟ್ಟೆಗೂ ತಾರೀಕು, ಗಂಟೆ ಬರೆದ ಚೀಟಿ ಪಿನ್ ಮಾಡುತ್ತಿದ್ದೆ.

ಇಲ್ಲ ರೋಹನ್, ನಾನು ಒಳಗೆ ಹೋಗಿರಲಿಲ್ಲ. ಇದನ್ನು ಮುಗಿಸಿದ ತಾರೀಕು, ಗಂಟೆ ಬರೆದ ಚೀಟಿ ಮೇಲ್ಗಡೆ ಪಿನ್ ಮಾಡಿದ್ದೇನೆ. ಹಾಳೆಗಳನ್ನು ಆ ಹಳದಿ ದಾರದ ಉಳಿಕೆಯಿಂದಲೇ ಹೊಲಿದಿದ್ದೇನೆ. ನನ್ನ ಹೊಲಿಗೆ ಡಬ್ಬಿಯ ತಳದಲ್ಲಿಟ್ಟುಕೊಳ್ಳಿ. ನಾನಿಲ್ಲದಾಗ ಯಾರಾದರೂ ಮತ್ತೆ ಕೇಳಿದರೆ ತೆಗೆದು ತೋರಿಸಿ. ದಾರ ಮಾತ್ರ ಬಿಚ್ಚಬೇಡಿ.