ಇಬ್ಬರಿಗೊಂದು ಗಾಳದ ಕೋಲು

ಬಂದರಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವರು ‘ಮೇಲಿನವರು’. ಹಡಗಿನಿಂದ ಸರಕು ಎತ್ತುವ ದೊಡ್ಡ ಕ್ರೇನಿನ ಗಾಜಿನ ಗೂಡಿನಲ್ಲಿ, ಹಕ್ಕಿಗಳೂ ಕೂರಲು ಹಿಂದೆಮುಂದೆ ನೋಡುವ ಎತ್ತರದಲ್ಲಿ, ಪ್ರಾಯವನ್ನೆಲ್ಲ ಕಳೆದವರು. “ಮಳೆ ಬರುತ್ತಾ ಅಂತ ಮೇಲಿನವರನ್ನೇ ಕೇಳಿ, ಮೊದಲು ನೆನೆಯೋದು ಅವರೇ ತಾನೆ” ಎಂದು ಕೆಳಗಿನವರು ನಗುತ್ತಿದ್ದರು. ಮಾತು ಕಡಿಮೆ, ಸಿಡುಕು ಜಾಸ್ತಿ. ಆದರೆ ಕೈ ಮಾತ್ರ ಹೂವಿನಂಥದ್ದು. ಅವರು ಇಳಿಸಿದ ಪೆಟ್ಟಿಗೆ ನೆಲ ಮುಟ್ಟಿದ್ದು ಸದ್ದಿನಿಂದ ಗೊತ್ತಾಗುತ್ತಿರಲಿಲ್ಲ.

ಕಣ್ಣು ಕೈಕೊಡುತ್ತಿರುವುದು ಅವರಿಗೆ ತಡವಾಗಿ ತಿಳಿಯಿತು. ಬಾಗಿಲ ಚೌಕಟ್ಟಿಗೆ ಭುಜ ತಾಗುವುದು, ಲೋಟವನ್ನು ಮೇಜಿನ ಆಚೆಗೇ ಇಟ್ಟು ಒಡೆಯುವುದು, ಇವೆಲ್ಲ ವಯಸ್ಸಿನ ಕಾಟ ಎಂದುಕೊಂಡಿದ್ದರು. ಒಂದು ಬೆಳಿಗ್ಗೆ ಕ್ರೇನಿನ ಕೊಕ್ಕೆಯನ್ನು ಕೆಳಗಿಳಿಸುತ್ತಿದ್ದಾಗ ಒಬ್ಬ ಕೆಲಸಗಾರ ಪಕ್ಕದಿಂದ ನಡೆದು ಬಂದ. ಮೇಲಿನವರಿಗೆ ಅವನು ಕಾಣಲೇ ಇಲ್ಲ. ಕೆಳಗೆ ನಿಂತು ಸನ್ನೆ ಮಾಡುವವನು ಗಂಟಲು ಹರಿಯುವಂತೆ ಕೂಗಿದ ಮೇಲೆ ಕೊಕ್ಕೆ ನಿಂತಿತು. ಕೆಲಸಗಾರ ಪಕ್ಕಕ್ಕೆ ಹಾರಿ, ಮೇಲಕ್ಕೆ ನೋಡಿ ಒಂದು ಬೈಗುಳ ಎಸೆದು, ತನ್ನ ದಾರಿ ಹಿಡಿದ. ಯಾರಿಗೂ ಏನೂ ಆಗಲಿಲ್ಲ.

ಮೇಲಿನವರು ಕ್ರೇನ್ ನಿಲ್ಲಿಸಿ, ಪಾಳಿ ಅರ್ಧದಲ್ಲಿರುವಾಗಲೇ ಏಣಿ ಇಳಿದು ಮೇಲ್ವಿಚಾರಕನ ಕೋಣೆಗೆ ಹೋದರು.

“ಯಾಕೆ, ಮೈ ಹುಷಾರಿಲ್ವಾ?”

“ಆ ಮನುಷ್ಯ ನನಗೆ ಕಾಣಲಿಲ್ಲ.”

“ಏನೂ ಆಗಲಿಲ್ವಲ್ಲ, ಬಿಡಿ.”

“ಆಗಲಿಲ್ಲ ಅಂತಲೇ ಇಳಿದು ಬಂದೆ. ಆದಮೇಲೆ ಇಳಿದು ಏನು ಪ್ರಯೋಜನ?”

ಕಣ್ಣಿನ ನರ ಸೊರಗುತ್ತಿದೆ, ಹೋದ ನೋಟ ಮರಳುವುದಿಲ್ಲ, ಉಳಿದದ್ದೂ ನಿಧಾನವಾಗಿ ಕರಗಬಹುದು ಎಂದರು ವೈದ್ಯರು. ಆಮೇಲೆ ಅವರು ಆ ಏಣಿ ಹತ್ತಲಿಲ್ಲ.

ಅವರ ಮನೆಯ ಮುಂದಿನ ಕೋಣೆ ಹೆಂಡತಿಯ ರಾಜ್ಯ. ಆಕೆ ಶಾಲೆಯ ಸಮವಸ್ತ್ರ ಹೊಲಿಯುವ ದರ್ಜಿ. ಕಿಟಕಿಗೆ ಒತ್ತಿಕೊಂಡು ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ನೀಲಿ ಬಟ್ಟೆಯ ಥಾನುಗಳು, ನೆಲದ ತುಂಬ ಕತ್ತರಿಸಿದ ಚೂರು. ಗಂಡ ಪಾಳಿಗೆ ಹೋದರೆ ಮನೆ ಆಕೆಯದು, ಆತ ಮಲಗಿದರೂ ಮನೆ ಆಕೆಯದು. ಮದುವೆಯಾದ ಮೇಲೆ ಇಬ್ಬರೂ ಇಡೀ ಹಗಲನ್ನು ಒಟ್ಟಿಗೆ ಕಳೆದದ್ದೇ ಅಪರೂಪ. ಈಗ ಅವರು ಬೆಳಗಿನಿಂದ ಸಂಜೆಯವರೆಗೆ ಕುರ್ಚಿಯಲ್ಲಿ ಕೂತು, “ಬಾಗಿಲಲ್ಲಿ ಯಾರು?” “ಆ ಸದ್ದು ಏನು?” “ಯಂತ್ರಕ್ಕೆ ಎಣ್ಣೆ ಹಾಕಿದ್ಯಾ?” ಎನ್ನುತ್ತಿದ್ದರು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಯಿತು ಸಂಸಾರ.

“ಹಗಲಿಡೀ ಗಂಡಸು ಮನೇಲಿದ್ರೆ ಸೂಜಿ ಕೂಡ ಎದ್ದು ಓಡಿಹೋಗುತ್ತೆ ಕಣೋ” ಎಂದು ಆಕೆ ತಮ್ಮನ ಹತ್ತಿರ ಹೇಳಿಕೊಂಡಳು. “ಇವರನ್ನ ಎಲ್ಲಿಗಾದರೂ ಕರ್ಕೊಂಡು ಹೋಗು ಮಾರಾಯ. ವಾಪಸ್ ಮಾತ್ರ ಕರ್ಕೊಂಡು ಬಾ.”

ಅವನು ಶಾಲಾ ವ್ಯಾನಿನ ಚಾಲಕ. ಶಾಲೆಗೆ ರಜೆ ಬಂತೆಂದರೆ ಬಂದರಿನ ಅಲೆ ತಡೆಯುವ ಕಲ್ಲುಗೋಡೆಯ ಮೇಲೆ ನಿಂತು ಗಾಳ ಎಸೆಯುತ್ತಿದ್ದ. ಎರೆ ಹುಳುವಿನ ಗಾಳವಲ್ಲ. ಬಣ್ಣ ಹಚ್ಚಿದ, ಹೊಟ್ಟೆಗೆ ಕೊಕ್ಕೆ ತೂಗಿಬಿಟ್ಟ ನಕಲಿ ಮೀನಿನ ಗಾಳ. ಎಸೆದು, ಸುತ್ತಿ ಎಳೆಯುತ್ತ ಬಂದರೆ ಅದು ನೀರಲ್ಲಿ ಪುಟ್ಟ ಮೀನಿನಂತೆ ಬಳುಕುತ್ತದೆ. ದೊಡ್ಡ ಮೀನು ಮೋಸಹೋಗಿ ಬಾಯಿ ಹಾಕುತ್ತದೆ.

“ಇದು ಶುದ್ಧ ವಂಚನೆ ಅಲ್ವೇನೋ?” ಎಂದರು ಅವನ ಜೊತೆ ಬಂದ ಭಾವ, ನಕಲಿ ಮೀನನ್ನು ಬೆರಳಲ್ಲಿ ಸವರಿ.

“ಅದರ ಬಾಯಿಚಪಲ ಭಾವ, ನನ್ನ ತಪ್ಪೇನಿದೆ?”

ಅವನ ಕೋಲು ಬಲು ಹಗುರ, ಬೆತ್ತದಂತೆ ಬಳುಕುವಂಥದ್ದು. ದಾರ ಸುತ್ತುವ ರೀಲು ಕೋಲಿನ ಬೆನ್ನ ಮೇಲೆ ಕೂತಿರುತ್ತದೆ. ಎಸೆಯುವಾಗ ದಾರದ ಸುರುಳಿಯ ಮೇಲೆ ಹೆಬ್ಬೆರಳು ಇಟ್ಟು ಹತೋಟಿ ಮಾಡಬೇಕು. ಬಿಗಿ ಹಿಡಿದರೆ ಗಾಳ ಕಾಲ ಬುಡಕ್ಕೇ ಬೀಳುತ್ತದೆ, ಸಡಿಲ ಬಿಟ್ಟರೆ ಸುರುಳಿ ಉಬ್ಬಿ ದಾರ ಕಾಗೆಗೂಡಾಗುತ್ತದೆ. ಮೇಲಿನವರು ಕಾಗೆಗೂಡುಗಳನ್ನು ಮಾಡುತ್ತ ಮಾಡುತ್ತ, ಒಮ್ಮೆ ಹೇಗೋ ಚೆನ್ನಾಗಿ ಎಸೆದರು. ಸುತ್ತಿಕೊಳ್ಳುತ್ತಿದ್ದಾಗ ಆ ತುದಿಯಲ್ಲಿ ಯಾರೋ ಬಾಗಿಲು ತಟ್ಟಿದಂತಾಯಿತು. ಮರುಕ್ಷಣ ಕೋಲು ಬುಡದವರೆಗೂ ಬಾಗಿತು. ಮೀನನ್ನು ತಿರುಗಿಸುವ ಶಕ್ತಿ ಆ ಹಗುರ ಕೋಲಿಗಿರಲಿಲ್ಲ. ಅದು ಗೋಡೆಯ ಬುಡದ ಬಂಡೆಗಳ ಸಂದಿಗೆ ನುಗ್ಗಿ ದಾರ ಹರಿದುಕೊಂಡು ಹೋಯಿತು.

ಅವರು ಹರಿದ ದಾರವನ್ನು ಸುತ್ತಿಕೊಂಡರು. ಕ್ರೇನಿನಿಂದ ಇಳಿದ ಮೇಲೆ ಹಗ್ಗದ ತುದಿಯ ಭಾರವೊಂದು ಅವರ ಕೈಗೆ ಮಾತಾಡಿದ್ದು ಅದೇ ಮೊದಲು. ವ್ಯಾನಿನಲ್ಲಿ ಬರುವಾಗ ಅರ್ಧ ದಾರಿಯಲ್ಲಿ ಕೇಳಿದರು: “ಈ ಕೋಲು ಮಾರೋ ಅಂಗಡಿ ಎಲ್ಲಿದೆಯೋ?”

ಅಂಗಡಿ ಒಂದು ಉದ್ದನೆಯ ಕತ್ತಲೆ ಕೋಣೆ. ಎರಡೂ ಗೋಡೆಗೆ ಕೋಲುಗಳು ಒರಗಿದ್ದವು. ಅಂಗಡಿಯವ ಬಾಯ್ತುಂಬ ಮಾತಿನವ. ಹಗುರ, ಮಧ್ಯಮ, ಭಾರ ಎಂದು ಮೂರು ಬಗೆ ತೋರಿಸಿದ. ಮೇಲಿನವರು ಎಲ್ಲಕ್ಕಿಂತ ದಪ್ಪದ ಕೋಲಿಗೇ ಕೈಹಾಕಿದರು.

“ನೀವು ಎಸೆಯೋ ಗಾಳ ಸಣ್ಣದು. ಇಷ್ಟು ಗಟ್ಟಿ ಕೋಲು ಅದಕ್ಕೆ ಬಾಗೋದೇ ಇಲ್ಲ. ಬಾಗದಿದ್ರೆ ದೂರ ಹೋಗಲ್ಲ. ಮಧ್ಯಮದ್ದು ನೋಡಿ...”

“ಭಾರ ಎತ್ತೋ ವಿಷಯ ನನಗೆ ಹೇಳಿಕೊಡ್ಬೇಡಿ” ಎಂದರು ಮೇಲಿನವರು. ಕಳೆದುಕೊಂಡ ಮೀನಿನ ಸಿಟ್ಟು ಇನ್ನೂ ಆರಿರಲಿಲ್ಲ. ಅಂಗಡಿಯವ ಅದನ್ನೇ ಕಟ್ಟಿಕೊಟ್ಟ.

ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎನ್ನುವುದು ಇಂಥದ್ದಕ್ಕೇ. ಆ ಕೋಲಿನಿಂದ ಎಸೆದ ಗಾಳ ಸತ್ತ ಹಕ್ಕಿಯಂತೆ ಹತ್ತಿರದಲ್ಲೇ ಬೀಳುತ್ತಿತ್ತು. ತುದಿಯಲ್ಲಿ ಏನು ನಡೆಯುತ್ತಿದೆಯೆಂದು ಕೈಗೆ ತಿಳಿಯುತ್ತಿರಲಿಲ್ಲ. ಕಬ್ಬಿಣದ ಸರಳು ಹಿಡಿದು ಸಮುದ್ರವನ್ನು ಕೆದಕಿದಂತಿತ್ತು. ಅದೇ ಹೊತ್ತಿಗೆ ಭಾವಮೈದುನನ ಶಾಲೆಯ ರಜೆ ಮುಗಿಯಿತು. ಕಲ್ಲುಗೋಡೆಗೆ ಕರೆದೊಯ್ಯುವವರಿಲ್ಲ.

“ನೀನೇ ಬಾ” ಎಂದರು ಹೆಂಡತಿಗೆ. ಅದು ಕೋರಿಕೆಯೋ ಅಪ್ಪಣೆಯೋ ಆಕೆಗೆ ತಿಳಿಯಲಿಲ್ಲ. ಮನೆಯಲ್ಲಿ ಪ್ರಶ್ನೆ ಕೇಳಿಸಿಕೊಳ್ಳುವುದಕ್ಕಿಂತ ಮೇಲು ಎಂದು ಗುಂಡಿ ಹಾಕಬೇಕಿದ್ದ ಅಂಗಿಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟಳು.

ಕಲ್ಲಿನ ಮೇಲೆ ಕೂತು ಆಕೆ ಗುಂಡಿ ಹಾಕುತ್ತಿದ್ದಳು, ಅವರು ಎಸೆಯುತ್ತಿದ್ದರು. ದಾರ ಗೋಜಲಾದರೆ ತಂದು ಆಕೆಯ ಮಡಿಲಿಗೆ ಹಾಕುತ್ತಿದ್ದರು. ಸೂಜಿಯ ತುದಿಯಿಂದ ಒಂದೊಂದೇ ಎಳೆ ಎತ್ತಿ ಬಿಡಿಸುತ್ತ ಆಕೆ, “ಇಷ್ಟು ಗಂಟು ಹಾಕೋಕೆ ನನಗೆ ವರ್ಷ ಬೇಕು. ನೀವು ಒಂದೇ ಏಟಿಗೆ ಹಾಕ್ತೀರಲ್ಲ, ಭಲೇ” ಎನ್ನುತ್ತಿದ್ದಳು. ಕೆಲವು ದಿನಕ್ಕೆ ಅವರ ಭುಜ ಹಿಡಿದುಕೊಂಡಿತು. ಅವರು ಮುಖ ಗಂಟು ಹಾಕಿಕೊಂಡು ಕೂತಾಗ ಆಕೆ ಅಂಗಿ ಮಡಿಸಿಟ್ಟು ಎದ್ದಳು.

“ಕೊಡಿ ಇಲ್ಲಿ, ನೋಡೋಣ.”

ಎಸೆದಳು. ಕೋಲಿನ ಭಾರಕ್ಕೆ ಆಕೆಯೇ ಮುಂದಕ್ಕೆ ವಾಲಿದಳು. ಗಾಳ ಮಾತ್ರ ಬಂಡೆಗೆ ಬಡಿದು ಅಲ್ಲೇ ಬಿತ್ತು. ಮತ್ತೆ ಎಸೆದಳು. ಮತ್ತೆ. ಮೊಣಕೈ ಉಳುಕಿದಂತಾದರೂ ಕೋಲು ವಾಪಸ್ಸು ಕೊಡಲಿಲ್ಲ.

“ಇದನ್ನ ಬಟ್ಟೆ ಒಣಗಿಹಾಕೋಕೆ ಇಟ್ಕೊಳ್ಳೋಣ” ಎಂದಳು ಕೊನೆಗೆ, ಏದುಸಿರು ಬಿಡುತ್ತ. “ಬೇರೆ ತರೋಣ. ಈ ಸಲ ನಾನೂ ಬರ್ತೀನಿ.”

“ನಿನಗೂ ಬೇಕಾ?”

“ನನಗೂ ಅಂದ್ರೆ? ಎರಡೆರಡು ಯಾಕೆ? ನಿಮ್ಮ ಕೈಗೂ ನನ್ನ ಕೈಗೂ ಆಗೋ ಅಂಥದ್ದು ಒಂದು ಸಿಗಲ್ವಾ?”

ಅಂಗಡಿಯವ ಅವರನ್ನು ಕಂಡು ಏನೂ ಆಡಿ ತೋರಿಸಲಿಲ್ಲ. ಅದು ಅವನ ದೊಡ್ಡತನ. ಹಗುರದ್ದು, ಮಧ್ಯಮದ್ದು ಎರಡನ್ನೂ ತಂದಿಟ್ಟ. ಆಕೆ ಬಟ್ಟೆ ಆರಿಸುವಾಗಿನ ಹಾಗೆ ಬುಡದಿಂದ ತುದಿಯವರೆಗೆ ಪರೀಕ್ಷಿಸಿದಳು. ದಾರ ಹಾಯುವ ಉಂಗುರಗಳ ಒಳಗೆ ಬೆರಳು ಆಡಿಸಿ, “ಇದು ಉಪ್ಪುನೀರಿಗೆ ತುಕ್ಕು ಹಿಡಿಯಲ್ವಾ?” ಎಂದು ಕೇಳಿದಳು.

“ತುಕ್ಕು ಹಿಡಿಯದ ಉಂಗುರವೇ ಹಾಕಿರೋದು. ಆದ್ರೂ ಮನೆಗೆ ಹೋದ ಕೂಡಲೇ ಸಿಹಿನೀರಲ್ಲಿ ತೊಳೀಬೇಕು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರಲ್ಲ, ಕೋಲಿಗೂ ಅದೇ ಮಾತು.”

ಮೇಲಿನವರು ಹಿಡಿಕೆ ಹಿಡಿದು ತೂಗಿ ನೋಡಿದರು. ಆ ಹೊತ್ತಿಗೆ ಅವರಿಗೆ ಕಾಣುತ್ತಿದ್ದದ್ದು ನೇರ ಎದುರಿನ ಒಂದಿಷ್ಟೇ. ಅದೂ ಮಂಜಿನೊಳಗಿಂದ ಕಂಡಂತೆ. “ನನಗೆ ಕಣ್ಣು ಸಾಲದು” ಎಂದರು. ಕೆಲಸ ಬಿಟ್ಟ ಮೇಲೆ ಹೊರಗಿನವರ ಮುಂದೆ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. “ತುದೀಲಿ ಏನಾಗ್ತಿದೆ ಅಂತ ಕೈಗೇ ತಿಳೀಬೇಕು.”

ಅಂಗಡಿಯವ ಸ್ವಲ್ಪ ಯೋಚಿಸಿ ಒಂದು ಉಪಾಯ ಮಾಡಿದ. ಕೋಲಿಗೆ ರೀಲು ಕಟ್ಟಿ, ಉಂಗುರಗಳಲ್ಲಿ ದಾರ ಹಾಯಿಸಿ, ಅದರ ಕೊನೆಯನ್ನು ಆಕೆಯ ಕೈಗೆ ಕೊಟ್ಟ. “ನೀವು ಇದನ್ನ ಹಿಡ್ಕೊಂಡು ಹೊರಗೆ ಕಾಲುದಾರಿ ತನಕ ಹೋಗಿ. ಮನಸ್ಸು ಬಂದಾಗ ಬೆರಳಲ್ಲಿ ಒಂಚೂರು ಎಳೀರಿ. ಯಜಮಾನ್ರೇ, ನೀವು ಕಣ್ಣು ಮುಚ್ಕೊಳ್ಳಿ, ಎಳೆದಾಗ ಹೇಳಿ.”

ಮೊದಲು ಅವರು ಜೊತೆಗೆ ತಂದಿದ್ದ ಹಳೆಯ ಭಾರದ ಕೋಲು. ಆಕೆ ಎಳೆದಳು, ಇನ್ನೊಮ್ಮೆ ಎಳೆದಳು. ಅವರು ಕಲ್ಲಿನಂತೆ ನಿಂತಿದ್ದರು. ಆಮೇಲೆ ಹಗುರದ್ದು. “ಈಗ!” ಎಂದರು. “ಈಗ! ಈಗ!” ಆಕೆ ಎಳೆದೇ ಇರಲಿಲ್ಲ. ಬೀದಿಯಲ್ಲಿ ಬಸ್ಸು ಹೋದ ಗಾಳಿಗೆ ದಾರ ಅಲುಗಿತ್ತು, ಅಷ್ಟೆ. ದಾರಿಹೋಕರಿಬ್ಬರು ನಿಂತು ಈ ನಾಟಕ ನೋಡತೊಡಗಿದರು.

ಕೊನೆಗೆ ಮಧ್ಯಮದ್ದು. ಬಸ್ಸು ಹೋಯಿತು, ಅವರು ಮಾತಾಡಲಿಲ್ಲ. ಸೈಕಲ್ಲು ಹೋಯಿತು, ಮಾತಾಡಲಿಲ್ಲ. ಬಟ್ಟೆಯ ಮೇಲಿಂದ ನೂಲಿನ ತುಣುಕು ತೆಗೆಯುವಷ್ಟು ಮೆಲ್ಲಗೆ ಆಕೆ ಎಳೆದಳು.

“ಇದು ನೀನು” ಎಂದರು ಅವರು, ಒಳಗಿನಿಂದ.

ಆಕೆ ಬೀದಿಯಲ್ಲಿ ದಾರ ಹಿಡಿದೇ ಒಳಗೆ ಇಣುಕಿದಳು. ಇಷ್ಟು ವರ್ಷದಲ್ಲಿ ಗಂಡ ತನ್ನ ಹೊಸ ಬಟ್ಟೆ ಗುರುತಿಸಿದವರಲ್ಲ, ತಲೆನೋವು ಗುರುತಿಸಿದವರಲ್ಲ. ಮತ್ತೊಮ್ಮೆ ಎಳೆದು ನೋಡಿದಳು.

“ಹೂಂ, ನೀನೇ.”

ಒಳಗೆ ಬಂದು ಆ ಕೋಲನ್ನು ತಾನೂ ಬೀಸಿ ನೋಡಿದಳು. ತುದಿ ಚುರುಕಾಗಿ ಬಾಗಿ ನೆಟ್ಟಗಾಗುತ್ತಿತ್ತು, ಬುಡ ಗಟ್ಟಿಯಾಗಿತ್ತು. ಆಕೆಯ ಎತ್ತರಕ್ಕಿಂತ ಒಂದೆರಡು ಗೇಣು ಉದ್ದ. ಅಂಗಡಿಯವ ತುದಿಗೆ ನೀರಿನ ಬಾಟಲಿ ಕಟ್ಟಿ ಎತ್ತಿಸಿದ, ಮೊಣಕೈ ನೋಯಲಿಲ್ಲ. “ಇದೇ ಇರಲಿ” ಎಂದರು ಇಬ್ಬರೂ ಒಟ್ಟಿಗೆ. ಇಬ್ಬರೂ ಒಂದೇ ಮಾತು ಆಡಿದ್ದಕ್ಕೆ ಅವರಿಗೇ ನಗು ಬಂತು.

ಮೀನು ಸಿಕ್ಕಿದ್ದು ಮೋಡ ಕವಿದ ಒಂದು ಮುಂಜಾನೆ, ಅವರ ಸರದಿಯಲ್ಲಿ. ಈ ಕೋಲು ಬಾಗಿತು, ಆದರೆ ಸೋಲಲಿಲ್ಲ. ದಾರ ಬಂಡೆಗಳ ಕಡೆ ಓಡತೊಡಗಿದ್ದು ಕಂಡ ಆಕೆ ಎದ್ದು ನಿಂತು ಕೂಗಿದಳು: “ಎಡಕ್ಕೆ! ಎಡಕ್ಕೆ ಎಳೀರಿ!”

“ನನ್ನ ಎಡಾನಾ, ನಿನ್ನ ಎಡಾನಾ?”

“ಇಬ್ಬರೂ ಸಮುದ್ರದ ಕಡೆಗೇ ನಿಂತಿದ್ದೀವಲ್ರೀ! ಎಡ ಅಂದ್ರೆ ಒಂದೇ ಎಡ!”

“ಹಾಗಾದ್ರೆ ಸರಿಯಾಗಿ ಹೇಳು!”

“ಇನ್ನು ಹೇಗೆ ಹೇಳಲಿ? ಅಯ್ಯೋ, ಸಡಿಲ ಬಿಡಿ, ಹಾಂ, ಈಗ ಸುತ್ತಿ, ಸುತ್ತಿ!”

ಜಗಳವಾಡುತ್ತಲೇ ಮೀನನ್ನು ಗೋಡೆಯ ಬುಡಕ್ಕೆ ತಂದರು. ಆಕೆ ಒದ್ದೆ ಬಂಡೆಗಳ ಮೇಲೆ ಕೂತು ಕೂತು ಇಳಿದು, ಬುಟ್ಟಿಬಲೆಯಲ್ಲಿ ಅದನ್ನು ಬಾಚಿಕೊಂಡಳು. ಮೊಳದುದ್ದದ ಬೆಳ್ಳಿ ಬಣ್ಣದ ಮೀನು. ಮೇಲಿನವರು ಅದರ ಮೈಮೇಲೆ ತಲೆಯಿಂದ ಬಾಲದವರೆಗೆ ಕೈಯಾಡಿಸಿದರು. ಕಿವಿರು ಏರಿಳಿಯುವುದನ್ನು ಬೆರಳಿನಲ್ಲಿ ಅರಿತು, “ಬಿಟ್ಟುಬಿಡೋಣ್ವಾ?” ಎಂದರು.

“ಆ ಬಂಡೆ ಇಳಿದದ್ದು ನಾನು” ಎಂದಳು ಆಕೆ. ಅಂದು ಊಟಕ್ಕೆ ತಮ್ಮನನ್ನೂ ಕರೆದರು.

ಆಮೇಲೆ ಅದೇ ರೂಢಿಯಾಯಿತು. ಒಂದು ಮೀನು ಅಥವಾ ಒಂದು ಕಾಗೆಗೂಡು, ಯಾವುದು ಮೊದಲು ಬರುತ್ತದೋ ಅಲ್ಲಿಗೆ ಸರದಿ ಬದಲು. ನೋಟ ಕರಗುವುದಂತೂ ನಿಲ್ಲಲಿಲ್ಲ. ಆಕೆ ಕೇಳಲಿಲ್ಲ, ಅವರು ಹೇಳಲಿಲ್ಲ. ಮನೆಯಲ್ಲಿ ಆಕೆ ಕುರ್ಚಿಗಳನ್ನು ಒಂದೇ ಜಾಗದಲ್ಲಿಡುವುದನ್ನು ಕಲಿತಳು; ಅವರು ಯಂತ್ರದ ಸದ್ದು ಕೇಳಿಯೇ ಸೂಜಿ ಮೊಂಡಾಗಿದೆಯೆಂದು ಹೇಳುವುದನ್ನು ಕಲಿತರು. ಅದು ಆಕೆಗೆ ಮೊದಲು ಸಿಟ್ಟು ತರಿಸಿತು, ಆಮೇಲೆ ಉಪಯೋಗಕ್ಕೆ ಬಂತು.

ಒಂದು ಚಳಿಗಾಲದ ಬೆಳಿಗ್ಗೆ ಆಕೆಯ ಸರದಿ ನಡೆಯುತ್ತಿತ್ತು. ಅವರು ಕಲ್ಲಿನ ಮೇಲೆ ಕೂತಿದ್ದರು.

“ಬಿಸಿಲು ಬಂದಿದೆ, ಅಲ್ವಾ?” ಎಂದರು.

“ಆಗಲೇ ಬಂತಲ್ಲ.”

“ಮುಖಕ್ಕೆ ಬೆಚ್ಚಗಾಯ್ತು, ಅದಕ್ಕೇ ಕೇಳಿದೆ. ಬೆಳಕು ಕಾಣಿಸ್ತಿಲ್ಲ.”

ಆಕೆ ಸುತ್ತುವುದನ್ನು ನಿಲ್ಲಿಸಿದಳು. “ಯಾವಾಗಿಂದ?”

“ಮೊನ್ನೆಯಿಂದ ಇರಬೇಕು.”

ಅಲೆ ಬಂದು ಬಂಡೆಗೆ ಬಡಿದು ಹಿಂದೆ ಸರಿಯಿತು. ಆಕೆ ಪಕ್ಕದಲ್ಲಿ ಬಂದು ಕೂತಳು. ಅವರ ಅಂಗಿಯ ಕಾಲರು ಮಡಚಿಕೊಂಡದ್ದನ್ನು ಸರಿಮಾಡಿದಳು.

“ಮನೆಗೆ ಹೋಗೋಣ್ವಾ?”

“ಯಾಕೆ? ನಿನ್ನ ಸರದಿ ಮುಗಿದಿಲ್ವಲ್ಲ.”

ಆಕೆ ಎದ್ದಳು. ಸೆರಗಿನಂಚಿನಿಂದ ಕಣ್ಣೊರೆಸಿಕೊಂಡು, ಹೆಬ್ಬೆರಳನ್ನು ಸುರುಳಿಯ ಮೇಲೆ ಇಟ್ಟು, ಬೀಸಿ ಎಸೆದಳು. ಅವರು ತಲೆ ಓರೆ ಮಾಡಿ ಕೇಳಿಸಿಕೊಂಡರು. ಗಾಳ ಬಲು ದೂರದಲ್ಲಿ ನೀರು ಮುಟ್ಟಿತು.

“ಗಾಳಿ ಬಲಗಡೆಯಿಂದ ಬೀಸ್ತಿದೆ” ಎಂದರು. “ನಿಧಾನಕ್ಕೆ ಸುತ್ತು.”