ಹೊಸ್ತಿಲು ಕೆತ್ತಿದ ಉಳಿ

ನಿನ್ನೆ ನನ್ನ ಮೊಮ್ಮಗ ಮುನಿರಾಜು ಬಿಡುಗಡೆಯಾದ; ಕೇರಿಗೆಲ್ಲ ಬೆಲ್ಲ ಹಂಚಿದೆ. ಹೊಸದಾಗಿ ಏಳುತ್ತಿರುವ ಜಯನಗರದ ಬಂಗಲೆಯೊಂದರಲ್ಲಿ ಕಳವಾದರೆ, ಪೊಲೀಸರು ಯಡಿಯೂರಿನ ನಮ್ಮ ಗುಡಿಸಲಿಗೆ ನುಗ್ಗಿದ್ದರು. ಕಲ್ಲು ಕೆತ್ತುವ ಅವನ ಉಳಿಯನ್ನು ಬಾಗಿಲು ಮೀಟುವ ಆಯುಧವೆಂದು ಹೇಳಿ ಅವನನ್ನು ಎಳೆದೊಯ್ದಿದ್ದರು.

ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟ್ ಸಾಹೇಬರು ಬೇರೆ ಸಾಕ್ಷಿ ಕೇಳಿದರು.

"ಗುಡಿಸ್ಲಲ್ಲಿ ಇರೋವ್ನು ಸ್ವಾಮಿ," ಎಂದ ಇನ್ಸ್‌ಪೆಕ್ಟರ್, ಅದೇ ಸಾಕ್ಷಿ ಎಂಬಂತೆ.

ನನ್ನ ಮೈಯೆಲ್ಲ ಉರಿದುಹೋಯಿತು. "ಆ ಬಂಗ್ಲೆ ಹೊಸ್ತಿಲು ಕೆತ್ತಿದ್ದೂ ಅದೇ ಉಳೀಲಿ ಬುದ್ಧೀ. ಅವತ್ತು ಇವನು ಕಳ್ಳ ಆಗಿರ್ಲಿಲ್ವಾ?" ಎಂದು ಹಿಂದಿನಿಂದ ಕೂಗಿಯೇಬಿಟ್ಟೆ.

ಸಾಹೇಬರು ಬಿಟ್ಟುಬಿಡಲು ಹೇಳಿದರು. ತಪ್ಪಾಯಿತೆಂದು ಒಬ್ಬ ಪೊಲೀಸಿನವನೂ ಅನ್ನಲಿಲ್ಲ.

ಸಂಜೆ ಮನೆಯವರೆಲ್ಲ ಒಟ್ಟಿಗೆ ಮುದ್ದೆ ಉಣ್ಣಲು ಕೂತೆವು. ಲಾಠಿ ಏಟಿಗೆ ಬಾತಿದ್ದ ಅವನ ಬಲಗೈಯಲ್ಲಿ ತುತ್ತು ನಿಲ್ಲಲಿಲ್ಲ. ನಾನೇ ತಿನ್ನಿಸಿದೆ.