ಟರ್ಬೊ ಕೂಡಿಸಿದ ಮೇಲೆ

ಕನ್ನಡಕದ ಅಂಗಡಿಯನ್ನು ಒಬ್ಬಳೇ ನಡೆಸುತ್ತಿದ್ದ ಅವಳನ್ನು ಬೀದಿಯವರೆಲ್ಲ ಕನ್ನಡಕದಕ್ಕ ಎಂದೇ ಕರೆಯುತ್ತಿದ್ದರು. ಐವತ್ತು ದಾಟಿದ ಮೇಲೆ ತನಗಾಗಿ ಮಾಡಿಕೊಂಡ ದುಂದು ಒಂದೇ. ಎರಡೇ ಸೀಟಿನ, ಮೇಲಿನ ಹೊದಿಕೆ ಮಡಚಬಹುದಾದ ಹಳೆಯ ಸ್ಪೋರ್ಟ್ಸ್ ಕಾರು ಕೊಂಡಳು. ಆ ಜಾತಿಯ ಕಾರುಗಳಲ್ಲಿ ಅದೇ ಅಗ್ಗದ್ದು. ಅದಕ್ಕೆ ಹೇಳಿಕೊಳ್ಳುವಂಥ ಶಕ್ತಿ ಇರಲಿಲ್ಲ, ಆದರೆ ತಿರುವುಗಳಲ್ಲಿ ಹೇಳಿದ ಮಾತು ಕೇಳುತ್ತಿತ್ತು. ಭಾನುವಾರ ತಾಯಿಯನ್ನು ಪಕ್ಕ ಕೂರಿಸಿಕೊಂಡು ಊರಾಚೆಗೆ ಹೋಗುವಳು. ಹಿಂದಿಕ್ಕಿ ಹೋಗುವವರಿಗೆಲ್ಲ ತಾಯಿ ಕೈ ಬೀಸುವರು.

ಮಧ್ಯೆ ಕಡ್ಡಿ ಆಡಿಸಿದವನು ತಮ್ಮ. ಏರಿನಲ್ಲಿ ತರಕಾರಿ ವ್ಯಾನು ಅಕ್ಕನನ್ನು ಹಿಂದಿಕ್ಕಿದ್ದನ್ನು ಕಂಡಕಂಡವರಿಗೆ ಹೇಳಿ ನಕ್ಕ. ಒಂದು ಟರ್ಬೊ ಕೂಡಿಸಿದರೆ ದುಬಾರಿ ಕಾರುಗಳೂ ಇದರ ಹೊಗೆ ಕುಡಿಯಬೇಕು ಎಂದ. ಆ ವ್ಯಾನು ಅವಳನ್ನೂ ಒಳಗೊಳಗೇ ಕುಟುಕುತ್ತಿತ್ತು. ಒಪ್ಪಿದಳು.

ಎಂಜಿನ್ನಿಗೆ ಹೆಚ್ಚಿನ ಗಾಳಿ ನುಗ್ಗಿಸುವ ಯಂತ್ರವದು. ಆ ಒತ್ತಡ ತಾಳಲೆಂದು ಮೆಕ್ಯಾನಿಕ್ಕು ಪಿಸ್ಟನ್ನುಗಳನ್ನೂ ಬದಲಿಸಿದ. ಮೊದಲ ದಿನ ಕಾರು ಚಂಗನೆ ಹಾರಿತು. ಅವಳು ಹುಡುಗಿಯ ಹಾಗೆ ನಕ್ಕಳು. ಅಷ್ಟೇ, ಆಮೇಲೆ ನಗುವ ಸರದಿ ಬರಲಿಲ್ಲ. ಕ್ಲಚ್ಚು ಜಾರತೊಡಗಿತು. ಗಟ್ಟಿಯದನ್ನು ಹಾಕಿಸಿದರೆ ಅದನ್ನು ಒತ್ತಿ ಒತ್ತಿ ಮಂಡಿ ಹಿಡಿದುಕೊಂಡಿತು. ಎಂಜಿನ್ ಕಾದಿತೆಂದು ದೊಡ್ಡ ರೇಡಿಯೇಟರ್ ಬಂತು, ಓಟ ಹೆಚ್ಚಿತೆಂದು ಹೊಸ ಬ್ರೇಕು ಬಂತು. ಇಷ್ಟಾದ ಮೇಲೆ ಸ್ಪ್ರಿಂಗನ್ನೂ ಬಿಗಿ ಮಾಡಬೇಕಾಯಿತು. ಕೊನೆಗೆ ಗೇರ್‌ಬಾಕ್ಸಿನ ಹಲ್ಲೇ ಮುರಿಯಿತು. ಖರ್ಚು ಕಾರಿನ ಬೆಲೆಯನ್ನು ಎಂದೋ ದಾಟಿತ್ತು. ಮೂಗಿಗಿಂತ ಮೂಗುತಿ ಭಾರ. ಇದೇ ಕೊನೆಯ ರಿಪೇರಿ ತಾನೇ ಎಂದು ಪ್ರತಿ ಸಲ ಕೇಳುವಳು. ಸದ್ಯಕ್ಕೆ ಹೌದು ಎನ್ನುವನು ಮೆಕ್ಯಾನಿಕ್ಕು.

ಒಂದು ಭಾನುವಾರ, ರಸ್ತೆಯ ಪ್ರತಿ ಗುಂಡಿಯೂ ಬೆನ್ನಿಗೆ ಬಡಿಯುತ್ತಿರಲು, ತಾಯಿ ಅರ್ಧ ದಾರಿಯಲ್ಲಿ ಮೆಲ್ಲಗೆ ಹೇಳಿದರು: “ಇಲ್ಲೇ ಇಳಿಸಮ್ಮ. ಬಸ್ಸಲ್ಲಿ ಬರ್ತೀನಿ.”

ಮರುದಿನ ಅಂಗಡಿಯ ಬಾಗಿಲನ್ನೂ ತೆಗೆಯದೆ ಗ್ಯಾರೇಜಿಗೆ ಹೋದಳು.

“ಎಲ್ಲಾ ಬಿಚ್ಚಿಬಿಡಿ. ಮೊದಲು ಹೆಂಗಿತ್ತೋ ಹಂಗೆ ಮಾಡಿಕೊಡಿ.”

ಮೆಕ್ಯಾನಿಕ್ಕು ಕೈ ಒರೆಸಿಕೊಂಡ. “ಬಿಚ್ಚಬಹುದು ಮೇಡಂ. ಆದರೆ ಈ ಪಿಸ್ಟನ್ನು ಟರ್ಬೊ ಇದ್ದರೇನೇ ಸರಿ. ಟರ್ಬೊ ತೆಗೆದರೆ ಮೊದಲಿಗಿಂತಲೂ ನಿಧಾನ ಆಗುತ್ತೆ.”

ಹಳೆಯ ಪಿಸ್ಟನ್ನುಗಳು ಗುಜರಿಗೆ ಹೋಗಿದ್ದವು. ಮತ್ತೆ ಎಂಜಿನ್ ಬಿಚ್ಚಿಸಿ ಹೊಸದನ್ನು ಕೂರಿಸಲು ಅವಳಿಗೆ ಕೈಯೂ ಬರಲಿಲ್ಲ, ಮನಸ್ಸೂ ಬರಲಿಲ್ಲ. ಬೇಲಿ ಮೇಲಿನ ಓತಿಕ್ಯಾತವನ್ನು ತಂದು ಕಿವಿಯಲ್ಲಿ ಬಿಟ್ಟುಕೊಂಡೆನಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತ ಟರ್ಬೊ ತೆಗೆಸಿದಳು. ಮೆತ್ತನೆಯ ಸ್ಪ್ರಿಂಗು ಹಾಕಿಸಿದಳು.

ತಾಯಿ ಮತ್ತೆ ಹತ್ತಿ ಕೂತರು. ಸ್ವಲ್ಪ ದೂರ ಹೋದ ಮೇಲೆ, “ಯಾಕೆ, ಇನ್ನೂ ನಿಧಾನ ಆಗಿದೆಯಲ್ಲಾ?” ಎಂದರು.

ಅಂದು ಊಟಕ್ಕೆ ಬಂದ ತಮ್ಮ ಇಂಥದೇ ಕಾರಿಗೆ ದೊಡ್ಡ ಎಂಜಿನ್ ಕೂರಿಸುವವರೂ ಇದ್ದಾರೆಂದು ಶುರು ಮಾಡಿದ. ಅವಳು ಸೌಟನ್ನು ಪಾತ್ರೆಯೊಳಗೇ ಬಿಟ್ಟಳು.

“ಊಟಕ್ಕೆ ಬಂದಿದ್ದೀಯ, ಊಟ ಮಾಡು,” ಎಂದಳು. “ಕಾರಿನ ಮಾತು ಎತ್ತಿದರೆ ತಟ್ಟೆ ಎತ್ತಿಬಿಡ್ತೀನಿ.”

ಅವನು ತಲೆ ತಗ್ಗಿಸಿ ಉಂಡ.